ಸಲಹೆ ಕೊಡದ ಪ್ರೊಫೆಸರರು

ನಮ್ಮ ಮನಃಶಾಸ್ತ್ರದ ಪ್ರೊಫೆಸರರಿಗೆ ಒಂದೇ ಹುಚ್ಚು. ಸಂಕಟ ಹೇಳಿಕೊಂಡು ಬಂದವರಿಗೆ ಬುದ್ಧಿ ಹೇಳಕೂಡದು. ಅವರು ಆಡಿದ್ದನ್ನೇ ಮೆತ್ತಗೆ ಅವರಿಗೆ ತಿರುಗಿಸಿ ಹೇಳಬೇಕು. ದಾರಿ ಅವರಿಗೇ ಹೊಳೆಯುತ್ತದೆ. ಐವತ್ತರ ದಶಕದ ಮುಂಬಯಿಯಲ್ಲಿ ಇದರ ಮೇಲೆ ಸಂಶೋಧನೆ ಮಾಡುತ್ತಿರುವವರು ತಾವೊಬ್ಬರೇ ಎಂಬ ಜಂಬ ಬೇರೆ. ಎಂ.ಎ. ಓದುತ್ತಿದ್ದ ನಾನು ಆ ಜಂಬಕ್ಕೆ ಮರುಳಾಗಿದ್ದೆ.

ಆ ವರ್ಷ ಅಕ್ಕ ಜೋಗೇಶ್ವರಿಯ ಗಂಡನ ಮನೆಯಿಂದ ಮಾಟುಂಗದ ಚಾಳಿನ ನಮ್ಮ ಮನೆಗೆ ಬಂದವಳು ತಿರುಗಿ ಹೋಗಲೊಲ್ಲೆ ಎಂದು ಕೂತಳು. ಗಂಡ ಹೊಡೆಯುತ್ತಿದ್ದ. ಧಾರವಾಡದ ಕಡೆಯ ನಮ್ಮ ಅಪ್ಪನಿಗೆ ಮಗಳ ಮಾತಿಗಿಂತ ಕಲಿತವರ ಮಾತು ದೊಡ್ಡದು. "ನಿಮ್ಮ ಸರ್ ಮನಸ್ಸು ತಿಳಿದವರು. ಅವರು ಬ್ಯಾಡ ಅಂದ್ರ ಕಳಸೂದಿಲ್ಲ, ಮುಗೀತು" ಎಂದ.

ಪ್ರೊಫೆಸರರು ಮಂಗಳೂರಿನವರು, ಕನ್ನಡ ಬಲ್ಲವರು. ಅಪ್ಪನನ್ನು ಹೊರಗೆ ಕೂರಿಸಿ ಅಕ್ಕನನ್ನು ಒಳಗೆ ಕರೆದರು. ಕಲಿಯಲೆಂದು ನನಗೂ ಮೂಲೆಯಲ್ಲೊಂದು ಕುರ್ಚಿ ಹಾಕಿಸಿ, ಬಾಯಿ ತೆರೆಯಬಾರದೆಂದು ತಾಕೀತು ಮಾಡಿದರು.

ಅಕ್ಕ ಎಲ್ಲ ಹೇಳಿದಳು. ಅವ್ವನಿಗೂ ತೋರಿಸದ ಬೆನ್ನಿನ ಬಾಸುಂಡೆಗಳ ವಿಷಯವನ್ನೂ ಹೇಳಿದಳು.

"ನಿಮಗೆ ಅಲ್ಲಿಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ" ಎಂದರು ಅವರು.

"ಹೌದ್ರೀ. ಕಳಸಬ್ಯಾಡ ಅಂತ ಅಪ್ಪಗ ಒಂದ್ ಮಾತ್ ಹೇಳ್ರಿ."

"ನಾನು ಹೇಳ್ಬೇಕು ಅಂತ ನಿಮಗೆ ಅನಿಸ್ತದೆ."

ಅಕ್ಕ ನನ್ನತ್ತ ನೋಡಿದಳು. ಆಮೇಲೆ ಅವರ ಕಾಲು ಹಿಡಿದಳು. ಅವರು ಮೆಲ್ಲಗೆ ಕಾಲನ್ನು ಹಿಂದಕ್ಕೆಳೆದುಕೊಂಡು, "ನಿರ್ಧಾರ ನಿಮ್ಮದೇ" ಎಂದರು.

ಹೊರಗೆ ಅಪ್ಪ ಎದ್ದು ನಿಂತ. "ಸರ್ ಏನಂದ್ರು? ಬ್ಯಾಡ ಅಂದ್ರೇನು?"

"ಏನೂ ಅನ್ಲಿಲ್ಲ" ಎಂದಳು ಅಕ್ಕ.

ನಮ್ಮ ಮನೆಯಲ್ಲಿ ಮೌನಂ ಸಮ್ಮತಿ ಲಕ್ಷಣ. ನಾನು ವಿವರಿಸಹೋದರೆ, "ಅಷ್ಟ್ ಕಲಿತವರ ಬ್ಯಾಡ ಅನ್ಲಿಲ್ಲ, ನೀ ಯಾವಾಕಿ ಹೇಳಾಕಿ?" ಎಂದು ಅಪ್ಪ ಗದರಿದ. ಆ ಸಂಜೆಯೇ ಲೋಕಲ್ ರೈಲಿನಲ್ಲಿ ಕರೆದೊಯ್ದು ಅವಳನ್ನು ಜೋಗೇಶ್ವರಿಯಲ್ಲಿ ಬಿಟ್ಟುಬಂದ.

ತಿಂಗಳೊಪ್ಪತ್ತಿನಲ್ಲಿ ನಾನು ನೋಡಲು ಹೋದಾಗ ಅಕ್ಕನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಎಡಗೈಯಲ್ಲಿ ಕಸ ಗುಡಿಸುತ್ತಿದ್ದಳು. ಅವಳ ಅತ್ತೆ ನನಗೆ ಚಹಾ ಕೊಡುತ್ತ, "ದೊಡ್ಡ ಪ್ರೊಫೆಸರ್ರ ಕಳಿಸ್ಯಾರ ಈಕಿನ್ನ. ಇನ್ನ ಒಲ್ಲೆ ಅನ್ನಾಕ ಈಕಿ ಯಾವ ಗಿಡದ ತಪ್ಪಲ?" ಎಂದು ನಕ್ಕಳು. ಚಹಾ ಅವಳ ಮುಖಕ್ಕೆ ಎರಚಬೇಕೆನಿಸಿತು. ಅಕ್ಕ ಕಣ್ಣಲ್ಲೇ ಬೇಡವೆಂದಳು.

ಮುಂದಿನ ವಾರ ಪ್ರೊಫೆಸರರು ಕ್ಲಾಸಿನಲ್ಲಿ, ಹೆಸರು ಹೇಳದೆ, ಅಕ್ಕನ ಕತೆ ತೆಗೆದರು. ಒಂದೇ ಭೇಟಿಯಲ್ಲಿ ಆಕೆ ತಾನೇ ನಿರ್ಧರಿಸಿ ಗಂಡನ ಮನೆಗೆ ಹೋದಳಂತೆ. ಹೇಳುವಾಗ ಅವರ ಮುಖದಲ್ಲಿ ಮಗುವಿನಂಥ ಸಂತೋಷ. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

"ಸರ್, ಆಕೆ ನನ್ನ ಅಕ್ಕ. ತಾನಾಗಿ ಹೋಗಲಿಲ್ಲ. ನೀವು ಒಂದು ಮಾತು ಹೇಳಲಿಲ್ಲ ಅಂತ ಒಯ್ದು ಬಿಟ್ಟರು. ಗಂಡ ಆಕೆಯ ಕೈ ಮುರಿದಿದ್ದಾನೆ."

ಅವರು ಕನ್ನಡಕ ತೆಗೆದು ಬಹಳ ಮರುಕದಿಂದ ನನ್ನನ್ನು ನೋಡಿದರು.

"ನಿಮಗೆ ನನ್ನ ಮೇಲೆ ಸಿಟ್ಟು ಬಂದಿದೆ" ಎಂದರು. ಆಮೇಲೆ ಕ್ಲಾಸಿನ ಕಡೆ ತಿರುಗಿ, "ಈಗ ನಾನು ಏನು ಮಾಡಿದೆ, ಗಮನಿಸಿದಿರಾ?" ಎಂದು ಕೇಳಿದರು.

ಎಲ್ಲರೂ ಬರೆದುಕೊಂಡರು.