ಮೋಟಾರಿನ ದೀಪಕ್ಕೆ ಶರಣು

೧೯೫೧ರಲ್ಲಿ, ಬಿಳಿಜೋಳದ ರಾಶಿ ಮುಗಿದ ಮೇಲಿನ ಒಂದು ಸೋಮವಾರ ಸಂಜೆ, ನಮ್ಮೂರು ಸಗರದಿಂದ ಶಹಾಪುರಕ್ಕೆ ಹೊರಟಿದ್ದ ಮೋಟಾರ್ ಸೈಕಲ್ಲೊಂದು ಬಂಡಿಹಾದಿ ಬಿಟ್ಟು ಎಡಗಡೆಯ ಹೊಲದಲ್ಲಿದ್ದ ಕುರಿಹಟ್ಟಿಗೆ ನುಗ್ಗಿ, ಜೋಳದ ಒಣ ದಂಟಿನ, ಅಂದರೆ ಕಣಿಕೆಯ, ಬಣವೆಗೆ ತಾಗಿ ನಿಂತಿತು. ಗಾಡಿಯಲ್ಲಿ ಮೂವರಿದ್ದರು. ಮನುಷ್ಯರಿಗಾಗಲಿ ಕುರಿಗಳಿಗಾಗಲಿ ಪೆಟ್ಟಾಗಲಿಲ್ಲ.

ಗಾಡಿ ನಡೆಸುತ್ತಿದ್ದವನು ನನ್ನ ಅಕ್ಕನನ್ನು ಕೇಳಲು ಬಂದಿದ್ದ ಶಹಾಪುರದ ವರ. ಗಾಡಿಯ ಪಕ್ಕಕ್ಕೆ ಜೋಡಿಸಿದ್ದ ಡಬ್ಬಿಯಲ್ಲಿ ಕೂತಿದ್ದವಳು ನನ್ನ ಆಯಿ, ತಂದೆಯ ತಾಯಿ. ವರನ ಬೆನ್ನ ಹಿಂದೆ ಕೂತಿದ್ದವನು ನಾನು. ಮಾತು ಇನ್ನೂ ಕೂಡಿರಲಿಲ್ಲವಾದ್ದರಿಂದ ಅವನನ್ನು ವರ ಎನ್ನುವುದು ಆ ದಿನದ ಮಟ್ಟಿಗೆ ಸರಿಯಲ್ಲ. ಬೇರೆ ಪದ ಇಲ್ಲದ್ದರಿಂದ ಹಾಗೆಯೇ ಬರೆಯುತ್ತೇನೆ.

ವರ ಶಹಾಪುರದ ಎಣ್ಣೆ ಗಿರಣಿಯೊಂದಕ್ಕೆ ಹಳ್ಳಿಹಳ್ಳಿ ತಿರುಗಿ ಶೇಂಗಾ ಹೊಂದಿಸಿ ಕೊಡುತ್ತಿದ್ದ. ಸಂಸ್ಥಾನ ಭಾರತಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಕಚೇರಿಯ ಬೋರ್ಡುಗಳನ್ನು ಅಳಿಸಿ ಬರೆಯುತ್ತಿದ್ದ ದಿನಗಳು. ಹಿಂದಿನ ಗಲಭೆಯ ಹೆದರಿಕೆ ಇನ್ನೂ ಹೋಗದೆ, ಮೋಟಾರಿನ ಸದ್ದು ಕೇಳಿದರೆ ಜನ ಮೊದಲು ಬಾಗಿಲು ಹಾಕಿ ಆಮೇಲೆ ಯಾರೆಂದು ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಅವನು ಸಿಕಂದರಾಬಾದಿನಿಂದ ಮಿಲಿಟರಿಯವರು ಬಳಸಿ ಬಿಟ್ಟ ಮೋಟಾರ್ ಸೈಕಲ್ ತಂದ. ಅದರ ಎಡಕ್ಕೆ ಒಬ್ಬರು ಕೂರುವ ತಗಡಿನ ಡಬ್ಬಿ, ಡಬ್ಬಿಗೆ ತನ್ನದೇ ಒಂದು ಗಾಲಿ. ನಮ್ಮ ಹಾದಿ ಎಂದರೆ ಬಂಡಿಯ ಎರಡು ಗಾಲಿಜಾಡು, ನಡುವೆ ದಿಣ್ಣೆ. ಮೋಟಾರು ಜಾಡಿನಲ್ಲಿ ಇಳಿದರೆ ಡಬ್ಬಿ ದಿಣ್ಣೆ ಹತ್ತುತ್ತಿತ್ತು. ಡಬ್ಬಿಯಲ್ಲಿ ಕೂತವರು ನಡೆಸುವವನನ್ನು ಮೇಲಿನಿಂದ ನೋಡುತ್ತ ಬರಬೇಕಾಗುತ್ತಿತ್ತು.

ಅವನು ಮೊದಲ ಸಲ ನಮ್ಮ ಮನೆಗೆ ಬಂದಾಗ ಕತ್ತಲಾಗಿತ್ತು, ಗಾಡಿಗೆ ದೀಪವಿರಲಿಲ್ಲ. ಇತ್ತು, ಆದರೆ ಯುದ್ಧಕಾಲದಲ್ಲಿ ವಿಮಾನದವರಿಗೆ ಕಾಣಬಾರದೆಂದು ಅದಕ್ಕೆ ತಗಡಿನ ಮುಸುಕು ಹಾಕಿ ನಡುವೆ ಒಂದು ಸೀಳು ಬಿಟ್ಟಿದ್ದರು. ಆ ಸೀಳಿನಿಂದಲೂ ಬೆಳಕು ಬರುತ್ತಿರಲಿಲ್ಲ, ಏಕೆಂದರೆ ಕರೆಂಟು ಹುಟ್ಟಿಸುವ ಡೈನಮೋ ಕೆಟ್ಟಿತ್ತು. ಬೆಳದಿಂಗಳು ನೋಡಿಕೊಂಡು ಬಂದೆ ಎಂದು ಅವನು ಹೇಳಿದ. ಅಪ್ಪನಿಗೆ ಹುಡುಗ ಒಪ್ಪಿಗೆಯಾದ. ಆದರೆ ನಮ್ಮ ಮನೆಯಲ್ಲಿ ಅಪ್ಪನ ಒಪ್ಪಿಗೆ ಅರ್ಧ ದಾರಿ ಮಾತ್ರ. ಆಯಿ ಅವನ ಎದುರಿಗೇ ಹೇಳಿದಳು:

"ದೀಪ ಇಲ್ಲದ ಮನಿಗಿ ಬೇಕಾದ್ರ ಹುಡುಗಿ ಕೊಟ್ಟೇನು. ದೀಪ ಇಲ್ಲದ ಗಾಡಿಗಿ ಕೊಡೂದಿಲ್ಲ."

ಸುರಪುರದಿಂದ ಇನ್ನೊಂದು ಸಂಬಂಧವೂ ಬಂದಿತ್ತು. ದೊಡ್ಡ ಮನೆ, ಒಳ್ಳೆಯ ಎತ್ತು. ಆಯಿಯ ಮನಸ್ಸು ಆ ಕಡೆಗಿತ್ತು. ಎತ್ತಿಗೆ ದೀಪ ಬೇಡ, ಕತ್ತಲಲ್ಲಿ ಮನೆಗೆ ತಾನೇ ಬರುತ್ತದೆ ಎಂಬುದು ಅವಳ ವಾದ. ಅಕ್ಕ ಯಾವ ಕಡೆಗೆ ಎಂದು ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಅಡುಗೆಮನೆಯ ಹತ್ತಿರ ಸುರಪುರದ ಮಾತು ಬಂದ ದಿನ ರೊಟ್ಟಿ ಸೀಯುತ್ತಿದ್ದವು. ಅಪ್ಪ ಒಂದು ವಾರ ಕರಿ ರೊಟ್ಟಿ ತಿಂದು, ಶಹಾಪುರದ ಹುಡುಗನಿಗೆ ಇನ್ನೊಂದು ಅವಕಾಶ ಕೊಡೋಣ ಎಂದರು.

ವರ ಎರಡನೆಯ ಸಲ ಹಿಡಿಕೆಗೆ ಕಂದೀಲು ಕಟ್ಟಿಕೊಂಡು ಬಂದ. ಕಂದೀಲು ತೂಗಾಡಿದ ಹಾಗೆ ಹಾದಿಯೂ ತೂಗಾಡಿತಂತೆ. ತಗ್ಗು ಇಲ್ಲದ ಕಡೆ ತಗ್ಗು ಕಂಡು ಅವನು ನಿಂತ, ತಗ್ಗು ಇದ್ದ ಕಡೆ ನಿಲ್ಲಲಿಲ್ಲ. ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಂಡು ಹೋದ.

ಮೂರನೆಯ ಸಲ ಮದುವೆ ಮೆರವಣಿಗೆಗೆ ಹೊರುವ ಗ್ಯಾಸ್ ಬತ್ತಿಯನ್ನು ಡಬ್ಬಿಯ ಮೂತಿಗೆ ಬಿಗಿದಿದ್ದ. ಬೆಳಕು ಊರಿಗೆ ದೂರದಿಂದಲೇ ಕಂಡಿತು. ಬಾಗಿಲು ಹಾಕಬೇಕಾದ ಜನ ಯಾರದೋ ಮೆರವಣಿಗೆ ಬಂತೆಂದು ಹೊರಗೆ ಬಂದು ನಿಂತರು. ಯಾರ ಮದುವೀರಿ ಎಂದು ಊರಬಾಗಿಲ ಅಗಸಿಯ ಹತ್ತಿರ ಒಬ್ಬರು ಕೇಳಿದ್ದಕ್ಕೆ, "ನಂದs ಆಗಬೇಕಾಗ್ಯಾದ್ರಿ, ಆಯಿ ಒಪ್ಪವಲ್ಲಳು" ಎಂದ. ಆ ಮಾತು ಅವನಿಗಿಂತ ಮೊದಲು ನಮ್ಮ ಮನೆ ಮುಟ್ಟಿತು. ನಮ್ಮ ಓಣಿಯ ಚರಂಡಿಯ ಹತ್ತಿರ ಗಾಡಿ ಕುಲುಕಿ ಬತ್ತಿಯೊಳಗೆ ಉರಿಯುವ ಬಟ್ಟೆಯ ಜಾಳಿಗೆ ಬೂದಿಯಾಗಿ ಉದುರಿತು. ಅಷ್ಟು ಹೊತ್ತು ಬಿಳಿ ಬೆಳಕು ನೋಡಿದ್ದ ಅವನಿಗೆ ಏನೂ ಕಾಣದೆ, ನಮ್ಮ ಮನೆ ಬಿಟ್ಟು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳಿದ.

ನಾಲ್ಕನೆಯ ಸಲ ಕೈಬ್ಯಾಟರಿಯನ್ನು ತಲೆಯ ರುಮಾಲಿನಲ್ಲಿ ಸಿಕ್ಕಿಸಿಕೊಂಡು ಬಂದ. ಇದು ಹಾದಿಯ ಮಟ್ಟಿಗೆ ಒಳ್ಳೆಯ ಉಪಾಯವೇ. ತಲೆ ತಿರುಗಿದ ಕಡೆ ಬೆಳಕು ತಿರುಗುತ್ತದೆ, ಮುಂದಿನ ತಿರುವು ಮೊದಲೇ ಕಾಣುತ್ತದೆ. ತೊಂದರೆ ಮನೆಯೊಳಗೆ ಆಯಿತು. ಅದನ್ನು ಆರಿಸುವುದು ಅವನಿಗೆ ಮರೆತಿತ್ತು. ಆಯಿಯೊಡನೆ ಮಾತಾಡುವಾಗ ಬೆಳಕು ಅವಳ ಕಣ್ಣಿಗೇ ಬಿತ್ತು. ಅವಳು ಸರಿದು ಕೂತರೆ ಅವನು ಮರ್ಯಾದೆಯಿಂದ ಆ ಕಡೆ ಮುಖ ತಿರುಗಿಸುತ್ತಿದ್ದ. ಅವಳು ಮತ್ತೆ ಸರಿದಳು. ಹೀಗೆ ಇಬ್ಬರೂ ಪಡಸಾಲೆಯನ್ನು ಒಂದು ಸುತ್ತು ಹಾಕಿದರು.

"ತಮ್ಮಾ, ನಾಕು ಸರ್ತಿ ಬಂದಿ. ನಿನ್ನ ಮಾರಿ ನಾ ಇನ್ನಾ ನೋಡಿಲ್ಲ" ಎಂದಳು ಆಯಿ.

ಅಕ್ಕ ಒಳಗಿನಿಂದ ನಕ್ಕದ್ದು ಕೇಳಿಸಿತು. ಆಯಿಗೂ ಕೇಳಿಸಿತು. ಆ ರಾತ್ರಿಯೇ ಅವಳು ಷರತ್ತು ಹಾಕಿದಳು. ಸುರಪುರದವರು ಉತ್ತರ ಕೇಳಲು ಗುರುವಾರ ಬರುವವರಿದ್ದರು. ಅದಕ್ಕೆ ಮೊದಲು, ಸೋಮವಾರ, ದೀಪ ಹಚ್ಚುವ ಹೊತ್ತಿಗೆ ಅವಳೇ ಆ ಡಬ್ಬಿಯಲ್ಲಿ ಕೂರುತ್ತಾಳೆ. ಅವನು ಅವಳನ್ನು ಶಹಾಪುರ ಮುಟ್ಟಿಸಬೇಕು. ಮುಟ್ಟಿಸಿದರೆ ಹುಡುಗಿ ಅವನಿಗೆ, ಇಲ್ಲದಿದ್ದರೆ ಸುರಪುರಕ್ಕೆ. ನಾನು ಸಾಕ್ಷಿಗೆ ಹಿಂದೆ ಕೂರಬೇಕು.

ವರ ಆ ನಡುವಿನ ದಿನಗಳಲ್ಲಿ ಶೇಂಗಾದ ಕೆಲಸ ಬಿಟ್ಟು ದೀಪದ ಕೆಲಸ ಮಾಡಿದ. ಕಂದೀಲು, ಗ್ಯಾಸ್ ಬತ್ತಿ, ಬ್ಯಾಟರಿ ಮೂರರಿಂದಲೂ ಅವನು ಒಂದು ಸಂಗತಿ ಕಲಿತಿದ್ದ. ದೀಪ ಎತ್ತರದಲ್ಲಿದ್ದಷ್ಟೂ ಹಾದಿ ಸಪಾಟಾಗಿ ಕಾಣುತ್ತದೆ, ತಗ್ಗು ಅಡಗಿಬಿಡುತ್ತದೆ. ನೆಲಕ್ಕೆ ಹತ್ತಿರವಿದ್ದರೆ ಸಣ್ಣ ಹೆಂಟೆಗೂ ಉದ್ದನೆಯ ನೆರಳು ಬಿದ್ದು ತಗ್ಗು ದಿಣ್ಣೆ ಎದ್ದು ಕಾಣುತ್ತವೆ. ಆದ್ದರಿಂದ ಎರಡು ದೀಪ ಬೇಕು: ತಗ್ಗಿಗೆ ಕೆಳಗೊಂದು, ದೂರಕ್ಕೆ ಮೇಲೊಂದು. ಮುಂದಿನ ಗಾಲಿಯ ಪಕ್ಕಕ್ಕೆ ಕಾರ್ಬೈಡ್ ದೀಪ ಬಿಗಿದ. ಆ ದೀಪದ ಮೇಲ್ಭಾಗದ ಸಣ್ಣ ಡಬ್ಬಿಯಿಂದ ನೀರು ತೊಟ್ಟುತೊಟ್ಟಾಗಿ ಕೆಳಗಿನ ಕಾರ್ಬೈಡ್ ಕಲ್ಲಿನ ಮೇಲೆ ಬೀಳುತ್ತದೆ, ಗ್ಯಾಸ್ ಹುಟ್ಟುತ್ತದೆ, ಅದು ಉರಿಯುತ್ತದೆ. ವಾಸನೆಯೊಂದು ಬಿಟ್ಟರೆ ಒಳ್ಳೆಯ ದೀಪ. ಮೇಲಿನದಕ್ಕೆ ಮಿಲಿಟರಿ ದೀಪದ ಮುಸುಕು ಕತ್ತರಿಸಿ, ಡೈನಮೋವನ್ನು ಯಾದಗಿರಿಯ ಮಿಸ್ತ್ರಿಯ ಹತ್ತಿರ ಕಟ್ಟಿಸಿಕೊಂಡು ಬಂದ. ಎಲ್ಲ ಸರಿ ಮಾಡಿದ್ದೇನೆ ಎಂದು ಮಿಸ್ತ್ರಿ ಹೇಳಿದ್ದ. ದೀಪ ಮಾತ್ರ ಹತ್ತಲಿಲ್ಲ. ಹತ್ತಿದರೆ ಹತ್ತಲಿ ಎಂದು ವರ ಅದರ ಗುಂಡಿಯನ್ನು ತಿರುಗಿಸಿಯೇ ಬಿಟ್ಟಿದ್ದ.

ಸೋಮವಾರ ಹೊತ್ತು ಮುಳುಗುವಾಗ ನಮ್ಮ ಅಂಗಳದಲ್ಲಿ ಕಾರ್ಬೈಡ್ ದೀಪ ಹಚ್ಚಿದ. ಸಂಜೆ ದೀಪ ಹತ್ತಿದ ಕೂಡಲೇ ಯಾರು ಎಲ್ಲಿದ್ದರೆ ಅಲ್ಲಿಯೇ ಕೈಮುಗಿಯಬೇಕು ಎಂಬುದು ಆಯಿಯ ಮನೆಯ ಕಾನೂನು. ಹಿಟ್ಟಿನ ಕೈ, ಸೆಗಣಿಯ ಕೈ, ಯಾವುದಕ್ಕೂ ಮಾಫಿ ಇರಲಿಲ್ಲ. ಕೊಳೆತ ಬೆಳ್ಳುಳ್ಳಿಯಂತೆ ನಾರುತ್ತಿದ್ದ ಆ ದೀಪಕ್ಕೂ ಮನೆಮಂದಿಯೆಲ್ಲ ಶರಣು ಮಾಡಿದೆವು. ವರನೂ ಮಾಡಿದ. ಅಕ್ಕ ಬಾಗಿಲ ಹಿಂದೆ ನಿಂತು ಉಳಿದವರಿಗಿಂತ ಹೆಚ್ಚು ಹೊತ್ತು ಕೈಮುಗಿದಿದ್ದಳು.

ಆಯಿ ಎಲೆ ಅಡಿಕೆಯ ಸಂಚಿಯೊಂದಿಗೆ ಡಬ್ಬಿ ಹತ್ತಿದಳು.  ಊರು ದಾಟಿದ ಮೇಲೆ ದಿಣ್ಣೆಯ ಮೇಲಿನಿಂದ ವರನನ್ನು ನೋಡುತ್ತ, ತಗ್ಗು ಬಂದಾಗಲೆಲ್ಲ ಎತ್ತಿಗೆ ಹೇಳುವಂತೆ ಹೋ ಹೋ ಎನ್ನತೊಡಗಿದಳು. ಕೆಳಗಿನ ದೀಪ ಹೇಳಿದ ಕೆಲಸ ಮಾಡುತ್ತಿತ್ತು. ಒಂದೊಂದು ಹೆಂಟೆಯೂ ಬಾವಿಯಷ್ಟು ಕಪ್ಪಗೆ ಕಾಣುತ್ತಿತ್ತು, ವರ ಒಂದನ್ನೂ ತಪ್ಪದೆ ಬಳಸಿ ಹೋಗುತ್ತಿದ್ದ. ಅರ್ಧ ದಾರಿ ಹೀಗೆ ಸಾಗಿತು. ಅವಳು ಎಲೆ ಹಾಕಿಕೊಂಡಳು. ಅದು ಒಳ್ಳೆಯ ಲಕ್ಷಣವೆಂದು ನಾನು ತಿಳಿದೆ.

ಹಳ್ಳ ಹತ್ತಿ ಮೇಲೆ ಬಂದಾಗ ಹಿಂದಿನ ಗಾಲಿ ಒಂದು ಕಲ್ಲಿಗೆ ಬಡಿಯಿತು. ಆ ಬಡಿತಕ್ಕೆ ಡೈನಮೋದ ಯಾವ ತಂತಿ ಎಲ್ಲಿ ಕೂಡಿತೋ, ಎಂದೂ ಹತ್ತದ ಮೇಲಿನ ದೀಪ ತಾನಾಗಿಯೇ ಭಗ್ಗನೆ ಹತ್ತಿತು. ದೂರದ ಜಾಲಿಮರದವರೆಗೆ ಹಾದಿ ಹಗಲಾಯಿತು.

ವರ ಎರಡೂ ಕೈ ಎತ್ತಿ ದೀಪಕ್ಕೆ ಶರಣು ಮಾಡಿದ.

ಯಾರೂ ಅವನಿಗೆ ಹೇಳಿರಲಿಲ್ಲ. ಆಯಿ ಇನ್ನೂ ಬಾಯಿ ತೆರೆದಿರಲಿಲ್ಲ, ಎಲೆ ತುಂಬಿತ್ತು. ಅವಳೂ ಮುಗಿದಳು, ನಾನೂ ಮುಗಿದೆ. ಮೂವರ ಆರೂ ಕೈ ಎದೆಯ ಮುಂದಿದ್ದವು, ಗಾಡಿ ಓಡುತ್ತಿತ್ತು. ಆ ಮೋಟಾರಿನಲ್ಲಿ ಹಿಡಿಕೆ ಬಿಟ್ಟರೂ ವೇಗ ಇಳಿಯುತ್ತಿರಲಿಲ್ಲ, ತಿರುಗಿಸಿದಷ್ಟಕ್ಕೇ ನಿಲ್ಲುತ್ತಿತ್ತು. ಡಬ್ಬಿಯ ಭಾರ ಗಾಡಿಯನ್ನು ಎಡಕ್ಕೆ ಎಳೆಯಿತು. ಅವನು ಮತ್ತೆ ಹಿಡಿಕೆ ಹಿಡಿಯುವಷ್ಟರಲ್ಲಿ ನಾವು ಬೇಲಿಯ ಮುಳ್ಳು ತುಳಿದು, ಗೊಬ್ಬರಕ್ಕೆಂದು ಹೊಲದಲ್ಲಿ ತರುಬಿದ್ದ ಕುರಿಗಳ ನಡುವೆ ಇದ್ದೆವು. ಕುರಿಗಳು ನೀರಿನಂತೆ ಎರಡು ಕಡೆ ಸೀಳಿದವು. ಗಾಡಿ ಬಣವೆಗೆ ಮೂತಿ ಒತ್ತಿ ನಿಂತು ಗಕ್ಕನೆ ಬಂದಾಯಿತು. ಮೇಲಿನ ದೀಪ ಆರಿತು. ಕೆಳಗಿನದು ಆರಲಿಲ್ಲ.

ಕುರಿಯವನು ಕೋಲು ಹಿಡಿದು ಓಡಿ ಬಂದ. "ಹಾದಿ ಬಿಟ್ಟು ಎಲ್ಲಿಗಿ ಹೊಂಟೀರಿ, ಸಾವ್ಕಾರ್ರ?"

"ಶಹಾಪುರಕ್ಕ" ಎಂದಳು ಆಯಿ, ಡಬ್ಬಿಯಲ್ಲಿ ಕೂತೇ.

"ಶಹಾಪುರ ಆ ಕಡಿ ಅದರೀ, ಯವ್ವಾ."

ಅಷ್ಟರಲ್ಲಿ ಉರಿಯುವ ದೀಪ ಒಣ ಕಣಿಕೆಯಿಂದ ಗೇಣು ದೂರದಲ್ಲಿರುವುದು ಕುರಿಯವನಿಗೆ ಕಂಡಿತು. ಓಡಿ ಹೋಗಿ ಕೊಡ ತಂದು ದೀಪದ ಮೇಲೆ ನೀರು ಸುರಿದ. ಬಡಿತಕ್ಕೆ ದೀಪದ ಮುಚ್ಚಳ ಸಡಿಲಾಗಿತ್ತು. ನೀರು ನೇರವಾಗಿ ಕಾರ್ಬೈಡ್ ಕಲ್ಲಿಗೆ ಇಳಿಯಿತು, ಉರಿ ಇಮ್ಮಡಿಯಾಯಿತು. ಅವನು ಇನ್ನಷ್ಟು ಸುರಿದ. ಉರಿ ಮೊಳದುದ್ದ ಎದ್ದಿತು. ಏನು ಸುರಿಯಾಕತ್ತಿದಿ ಎಂದು ಅವನ ಹೆಂಡತಿ ಒಲೆಯ ಹತ್ತಿರದಿಂದ ಕೂಗಿದಳು. ಅವನು ಕೊಡದೊಳಗೆ ಇಣುಕಿ, ಬೆರಳು ಅದ್ದಿ ನೆಕ್ಕಿ, "ನೀರs ಅದ" ಎಂದ. ಅವನ ದನಿಯಲ್ಲಿ ನಂಬಿಕೆ ಇರಲಿಲ್ಲ.

ವರ ಬಗ್ಗಿ ಊದಲು ಹೋದ. ಆಯಿ ತಡೆದಳು. ಸಂಜೆಯ ದೀಪವನ್ನು ಬಾಯಿಂದ ಊದಿ ಆರಿಸುವುದು ಅವಳ ಕಾನೂನಿನಲ್ಲಿ ದೀಪ ಹಚ್ಚದಿರುವುದಕ್ಕಿಂತ ದೊಡ್ಡ ಅಪರಾಧ. ಆಗ ಅವನು ರುಮಾಲು ಬಿಚ್ಚಿ ಕೈಗೆ ಸುತ್ತಿಕೊಂಡು, ದೀಪವನ್ನು ಕೊಕ್ಕೆಯಿಂದ ಕಿತ್ತು, ತೋಳು ಚಾಚಿ ಹಿಡಿದುಕೊಂಡು ಬಯಲಿನ ಕಡೆ ಓಡಿದ. ಕುರಿಗಳು ಅವನ ಮುಂದೆ ಓಡಿದವು, ನಾಯಿ ಹಿಂದೆ ಓಡಿತು. ರುಮಾಲಿನ ತುದಿ ಹೊಗೆಯಾಡುತ್ತಿತ್ತು. ಒಗಿ, ಒಗಿ ಎಂದು ನಾನು ಕೂಗಿದೆ, ಕುರಿಯವನೂ ಕೂಗಿದ. ಆಯಿ ಡಬ್ಬಿಯಲ್ಲಿ ಎದ್ದು ನಿಂತು ನಮ್ಮಿಬ್ಬರಿಗಿಂತ ಗಟ್ಟಿಯಾಗಿ ಕೂಗಿದಳು:

"ದೀಪ ನೆಲಕ್ಕ ಒಗಿಬ್ಯಾಡ, ತಮ್ಮಾ!"

ಅವನು ಒಗೆಯಲಿಲ್ಲ. ಹೊಲದ ನಡುವೆ ನಿಂತು, ಎರಡೂ ಕೈಯಲ್ಲಿ ದೀಪ ಹಿಡಿದು, ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಎತ್ತುತ್ತ ಕುಣಿದ. ಕಲ್ಲು ಕರಗಿ ಉರಿ ಸಣ್ಣದಾಗಿ ತಾನಾಗಿಯೇ ನಂದಿತು. ಆಮೇಲೆ ದೀಪವನ್ನು ಮೆಲ್ಲಗೆ ಒಂದು ಕಲ್ಲಿನ ಮೇಲಿಟ್ಟು, ಕೈ ಊದಿಕೊಳ್ಳುತ್ತ ಬಂದ. ಮೋಟಾರು ಮತ್ತೆ ಚಾಲೂ ಆಗಲಿಲ್ಲ. ಶಹಾಪುರ ಮುಟ್ಟುವ ಮಾತು ಅಲ್ಲಿಗೆ ಮುಗಿದಿತ್ತು. ಅವನು ಆಯಿಯ ಮುಂದೆ ತಲೆ ತಗ್ಗಿಸಿ ನಿಂತು, ಸುರಪುರದವರಿಗೆ ಹೂಂ ಅನ್ರಿ, ನಂದು ತಪ್ಪಾಗ್ಯಾದ ಎಂದು ಹೇಳಿದ.

ಆಯಿ ಎಲೆ ಉಗಿದು, ಕುರಿಯವನ ಹೆಂಡತಿಯಿಂದ ಚಿಮಣಿ ದೀಪ ತರಿಸಿ, ಅವನ ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಹಿಡಿಕಿ ಬಿಟ್ಟಾನ, ದೀಪ ಬಿಟ್ಟಿಲ್ಲ" ಎಂದಳು. "ಹುಡುಗಿ ಇವಂದು."

ಶಹಾಪುರ ಮುಟ್ಟಲಿಲ್ಲವಲ್ಲ ಎಂದು ನಾನು ಷರತ್ತು ನೆನಪಿಸಿದೆ. ಸಾಕ್ಷಿಗೆ ಬಂದವನು ಸಾಕ್ಷಿಯಾಗಿ ಇರಬೇಕು ಎಂದಳು.

ಕುರಿಯವರು ನಮಗೆ ಹಾಲು ಕೊಟ್ಟರು, ವರನ ಕೈಗೆ ಬೆಣ್ಣೆ ಹಚ್ಚಿದರು. ಬೇಲಿ ಕಟ್ಟುವ ತನಕ ನಾವಿಬ್ಬರೂ ಕುರಿ ಹೊಡೆದು ಕೂಡಿಸಿದೆವು. ಆಯಿ ಡಬ್ಬಿಯಿಂದ ಇಳಿಯದೆ, ಎಲ್ಲೆಲ್ಲಿ ಕುರಿ ಉಳಿದಿವೆ ಎಂದು ಹೇಳುತ್ತಿದ್ದಳು. ಕತ್ತಲಲ್ಲಿ ಅವಳಿಗೆ ನಮಗಿಂತ ಚೆನ್ನಾಗಿ ಕಾಣುತ್ತಿತ್ತು. ಹಾದುಹೋಗುತ್ತಿದ್ದ ಬಂಡಿಯೊಂದು ನಮ್ಮನ್ನು ಸಗರಕ್ಕೆ ತಂದು ಬಿಟ್ಟಿತು. ಸುದ್ದಿ ಕೇಳಿ ಅಕ್ಕ ಒಳಗೆ ಹೋಗಿ ರೊಟ್ಟಿ ಬಡಿದಳು. ಒಂದೂ ಸೀಯಲಿಲ್ಲ.

ಗುರುವಾರ ಸುರಪುರದವರು ಬಂದರು, ಮಜ್ಜಿಗೆ ಕುಡಿದರು, ಹೋದರು. ಮದುವೆ ಯುಗಾದಿಯ ನಂತರ ನಮ್ಮ ಅಂಗಳದಲ್ಲಿ ಹಗಲು ಹೊತ್ತಿನಲ್ಲಿ ನಡೆಯಿತು. ಭಾವ ನಾಲ್ಕಾರು ವರ್ಷ ಅದೇ ಮೋಟಾರಿನಲ್ಲಿ ಶೇಂಗಾಕ್ಕೆ ತಿರುಗಿದರು, ನಂತರ ಅದನ್ನು ಹುಣಸಗಿಯ ಕಡೆಯವರೊಬ್ಬರಿಗೆ ಕೊಟ್ಟರು. ಈಗ ಅವರೂ ಅಕ್ಕನೂ ಶಹಾಪುರದಲ್ಲಿದ್ದಾರೆ. ಹಿರಿಯ ಮಗ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಜೀಪು ನಡೆಸುತ್ತಾನೆ. ಅವನದು ಹಗಲು ಡ್ಯೂಟಿ.