ಚೇರ್ಮನ್ ಮಾವನ ಗಟ್ಟಿತನ

ಟೀವ್ಯಾಗ ಯಾರರೆ ಲೀಡರ್ ಟೇಬಲ್ ಗುದ್ದಿ ಗದ್ದರಿಸಿದ್ರ ನಮ್ಮನಿ ಹುಡುಗೂರು "ಗಟ್ಟಿ ಮನಷ್ಯಾ ನೋಡ ಆಯಿ" ಅಂತಾವ. ನನಗ ನಗಿ ಬರ್ತೈತಿ. ನಮ್ಮ ಮಾವ ಒಮ್ಮಿನೂ ಗದ್ದರಿಸಿದವರಲ್ಲ. ಅವರ ಬಗ್ಗೆ ಬರ್ಯಾಕಂತ ಫೋನ್ ಹಿಡದೇನಿ. ತಪ್ಪ ಬಿದ್ರ ಬೆರಳಿಗಿ ಬೈರಿ, ನನಗಲ್ಲ.

ಎಪ್ಪತ್ತನೇ ಇಸವಿ ಮ್ಯಾಲಿನ ಮಾತು. ಲಚ್ಯಾಣದ ಕಡಿಯಿಂದ ಹೂವಿನ ಹಿಪ್ಪರಗಿ ಹತ್ರದ ಹಳ್ಳಿಗಿ ಸೊಸಿಯಾಗಿ ಬಂದ ಹೊಸದು. ಮಾವ ಪಂಚಾಯ್ತಿ ಚೇರ್ಮನ್ರು. ಇಲೆಕ್ಷನ್ ತಲಿ ಮ್ಯಾಲೆ ಬಂದಿತ್ತು. ಹೊಲದಾಗ ಜ್ವಾಳ ಹಾಲುಗಾಳ ಆಗಿತ್ತು.

ಒಂದಿನ ನಸಕ್ನ್ಯಾಗ ತಲಬಾಗಲ ಒಳಗ ದನ ಕಟ್ಟೂ ಜಾಗಾಕ್ಕ ಸಗಣಿ ಬಳ್ಯಾಕ ಹೋದ್ನಿ. ನಮ್ಮ ಬಿಳಿ ಎತ್ತು ಹರದ ಹಗ್ಗ ಎಳಕೋತ ಹೊರಗಿಂದ ಬಂತು, ಬಾಯಾಗ ಜ್ವಾಳದ ಗರಿ. ರಾತ್ರಿ ತಲಬಾಗಲ ತೆರದಿಟ್ಟ ಬಯಲಾಟಕ್ಕ ಹೋದವರು ನಮ್ಮೆಜಮಾನ್ರು. ಅವರೇ ಓಡಿ ಬಂದು ಲಗೂನ ಕಟ್ಟಿ ಹಾಕಿ, ನನಗ "ಬಾಯಿ ಬಿಚ್ಚೀದಿ ನೋಡ" ಅಂದ್ರು.

ಹೊತ್ತೇರೂದ್ರಾಗ ಮನಿ ಮುಂದ ಗದ್ಲ. ಮ್ಯಾಲಿನ ಓಣಿ ಗೌಡ್ರ ಜ್ವಾಳ ಮೇದ ಹಾಳಾಗಿತ್ತು. ಬಾಜೂ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸಿದ ಕುರುಬನ ಮ್ಯಾಲೆ ಅನುಮಾನ. ಗೌಡ್ರ ಮಂದಿ ಅವನ ಕುರಿ ಹೊಡಕೊಂಡ ಹೋಗಿ, ಬೆಳಿ ಮೇದ ದನ ಕೂಡಿ ಹಾಕೂ ಪಂಚಾಯ್ತಿ ಕೊಂಡವಾಡದಾಗ ಹಾಕಿದ್ರು. ಅವನ ರಟ್ಟಿ ಹಿಡದ ನಮ್ಮ ಕಟ್ಟಿಗಿ ಎಳಕೊಂಡ ಬಂದಿದ್ರು. ಎಲ್ಲಾರ ಕೈಯಾಗ ಬಡಿಗಿ.

"ಎಪ್ಪಾ, ನನ್ನ ಕುರಿ ಸುತ್ತ ಕಟ್ಟಿದ ಬಲಿ ದಾಟಿಲ್ರಿ. ತಾಯಿ ಕುರಿ ಅಲ್ಲಿ, ಮರಿ ಇಲ್ಲಿ. ಹಾಲಿಲ್ಲದ ಮರಿ ಸಾಯ್ತಾವ್ರಿ" ಅಂತ ಅವ ಮಾವನ ಕಾಲ ಹಿಡದ.

"ವಿಚಾರ ಮಾಡೂಣು, ತಡೀರಿ" ಅಂದ್ರು ಮಾವ.

"ಏನ್ ವಿಚಾರ್ರಿ ಚೇರ್ಮನ್ರ? ನಮ್ಮ ಓಟ ಬೇಕು, ನ್ಯಾಯ ಮಾಡೂದ ಬ್ಯಾಡೇನು? ಆಗದಿದ್ರ ಬಳಿ ತೊಟ್ಕೊಂಡ ಒಳಗ ಕುಂಡ್ರಿ, ನಾವ ನೋಡ್ಕೋತೇವಿ!" ಅಂದ್ರು ಗೌಡ್ರು. ಒಬ್ಬ ಬಡಿಗಿ ಎತ್ತೇ ಬಿಟ್ಟ.

ಬಳಿ ತೊಟ್ಕೊಂಡ ಒಳಗ ನಿಂತಾಕಿಗೇ ಖರೇ ಗೊತ್ತಿತ್ತು. ಅತ್ತಿ ಕಿವ್ಯಾಗ ಹೇಳಿದ್ನಿ. "ಸುಮ್ನಿರ, ಮನಿ ಮಾನ ಹೋಗ್ತೈತಿ" ಅಂತ ನನ್ನ ತೊಡಿ ಚಿವುಟಿದ್ರು. ಆಗಿನ ಕಾಲಕ್ಕ ಸೊಸಿ ಮಾವನ ಜೋಡಿ ಮಾತಾಡೂ ಹಂಗಿಲ್ಲ. ಅಗದೀ ಜರೂರಿದ್ರ ಕಂಬಕ್ಕೋ, ಕೊಡಕ್ಕೋ ಹೇಳಿದಂಗ ಮಾಡಿ ಅವರಿಗಿ ಮುಟ್ಟಸೂದು.

ನಾ ಸೀದಾ ಎತ್ತಿನ ಹತ್ರ ಹೋದ್ನಿ. ಮಾವ ಕುಂತಿದ್ದು ಗ್ವಾಡಿ ಆಚಿಕಿ. "ಯಾಕೋ ಮಾರಾಯಾ? ರಾತ್ರಿ ಗೌಡ್ರ ಜ್ವಾಳ ಹೊಟ್ಟಿ ತುಂಬ ತಿಂದ ಬಂದಿ, ಈಗ ನಮ್ಮನಿ ಹೊಟ್ಟು ರುಚಿ ಹತ್ತವಲ್ದೇನು?"

ಆ ಗದ್ಲದಾಗ ಅದು ಮಾವಗ ಒಬ್ಬರಿಗೇ ಕೇಳ್ಸಿತ್ತು. ಎದ್ದ ಒಳಗ ಬಂದ್ರು. ಎತ್ತಿನ ಬಾಯಿ ಬಿಚ್ಚಿ ನೋಡಿದ್ರು, ಹರದ ಹಗ್ಗ ನೋಡಿದ್ರು, ಕಡೀಕ ಮಗನ ಮಾರಿ ನೋಡಿದ್ರು. ಅತ್ತಿ ಬಾಗಲಿಗಿ ಅಡ್ಡ ನಿಂತು ಕೈ ಮುಗದ್ರು: "ಯಾರಿಗೂ ಗೊತ್ತಿಲ್ರಿ. ಇಲೆಕ್ಷನ್ ಆಗೂತನ ಸುಮ್ನಿರ್ರಿ."

ಮಾವನೂ ಮುಚ್ಚಿ ಹಾಕ್ತಾರಂತ ಅನ್ಕೊಂಡ್ನಿ. ಹೊರಗ ಕುರುಬನ ಅಂಗಿ ಹರದ ಸಪ್ಪಳಾತು.

ಮಾವ ಹಗ್ಗ ಬಿಚ್ಚಿ ಎತ್ತ ಹಿಡಕೊಂಡೇ ಹೊರಗ ಹೋದ್ರು.

"ಅವನ್ನ ಬಿಡ್ರಿ. ಮೇದದ್ದು ನನ್ನ ಎತ್ತು. ಬಡಿಯೂದಿದ್ರ ನನ್ನ ಬಡೀರಿ."

ಗೌಡ್ರು ಬಡಿಗಿ ಎತ್ತಿದವನ ಕೈ ಹಿಡದ ಇಳಿಸಿದ್ರು. ಸಾವಕಾಶ ಅಂದ್ರು, "ಇಷ್ಟ ಮಂದ್ಯಾಗ ಹೇಳಿದ್ರಿ. ಇನ್ನ ನಿಮಗ ಓಟ ಯಾರ ಹಾಕ್ತಾರ್ರಿ?"

"ಹಾಕಬ್ಯಾಡ್ರಿ" ಅಂದ್ರು ಮಾವ.

ತಾವೇ ಕೊಂಡವಾಡದ ಬಾಗಲಾ ತೆರದು, ಕುರಿ ಬಿಟ್ಟು, ಎತ್ತ ಒಳಗ ಹಾಕಿ ಬಂದ್ರು. ಕುರಿ ಓಡಿ ಬಂದಾಗ ಮರಿಗಳು ಹಾಲಿಗಿ ಬಿದ್ದ ರೀತಿ ನೋಡ್ಬೇಕಿತ್ತು ನೀವು.

ಆ ಸಲ ಮಾವ ಸೋತ್ರು. ಮ್ಯಾಲಿನ ಓಣಿ ಓಟ ಒಂದೂ ಬೀಳಲಿಲ್ಲ. ಕುರುಬರ ಓಣಿ ಓಟ ಎಲ್ಲಾ ಬಿದ್ದೂ ಸಾಲಲಿಲ್ಲ. ನಮ್ಮೆಜಮಾನ್ರು ಅಪ್ಪಗ ಓಟ ಹಾಕಿದ್ರೋ ಇಲ್ಲೋ ನನಗ ಇವತ್ತಿಗೂ ಅನುಮಾನ. ಕೇಳಿದ್ರ ಸಿಡಕ್ತಾರ.