ಬೋರನ ಗುಡ್ಡಕ್ಕೆ ಬ್ಯಾಟರಿ ಗಾಡಿಯಲ್ಲಿ

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಆರ್.ಟಿ. ನಗರದ ಒಂದು ಕಿರಿದಾದ ಗಲ್ಲಿಯಿಂದ ಹೊರಟೆವು. ಹೊರಟವರು ಇಬ್ಬರೇ. ಸ್ಟಿಯರಿಂಗ್ ಹಿಡಿದಿದ್ದವನು ನಾನು, ಯಲಹಂಕದ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಹಿಂದಿನ ಸೀಟಿನಲ್ಲಿ ಮಲಗಿದ್ದವರು ಜಬ್ಬಾರ್ ಭಾಯಿ. ಮೂವತ್ತು ವರ್ಷ ಆ ಗಲ್ಲಿಯ ತುದಿಯಲ್ಲಿ ಜೀಪು ರಿಪೇರಿ ಮಾಡಿದವರು, ಕಿವಿಯಿಂದಲೇ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದವರು. ಈಗ ಕಾಯಿಲೆ ಅವರ ಬೆನ್ನುಮೂಳೆಗೇ ಇಳಿದಿತ್ತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಸೋಮವಾರದಿಂದ ಚಿಕಿತ್ಸೆ ಶುರುವಾಗಬೇಕಿತ್ತು. ಆಮೇಲೆ ಓಡಾಟ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು ನೇರವಾಗಿ ಉತ್ತರ ಕೊಟ್ಟಿರಲಿಲ್ಲ.

ಜಬ್ಬಾರ್ ಭಾಯಿ ಕೇಳಿದ್ದು ಒಂದೇ. ದೊಡ್ಡಬಳ್ಳಾಪುರದ ಆಚೆ ಬೋರನ ಗುಡ್ಡದ ನೆತ್ತಿಯಲ್ಲಿರುವ ಹಾಸುಬಂಡೆಯ ಮೇಲೆ ಇನ್ನೊಂದು ಸಲ ಕೂತು ಟೀ ಕುಡಿಯಬೇಕು. ಪ್ರತಿ ವರ್ಷ ಮೊದಲ ಮಳೆ ಬಿದ್ದ ಮೇಲೆ ನಾವು ಏಳೆಂಟು ಜನ ಜೀಪು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಒಬ್ಬೊಬ್ಬರೇ ಕಳಚಿಕೊಂಡರು. ಜಬ್ಬಾರ್ ಭಾಯಿಯ ಜೀಪನ್ನು ಎರಡು ತಿಂಗಳ ಹಿಂದೆ ಹೊಸೂರಿನವರು ಯಾರೋ ಕೊಂಡುಹೋಗಿದ್ದರು. ನನ್ನದನ್ನು ನಾನು ಕಳೆದ ವರ್ಷವೇ ಮಾರಿ, ಅರ್ಧ ಪೆಟ್ರೋಲು ಅರ್ಧ ಬ್ಯಾಟರಿಯಲ್ಲಿ ಓಡುವ ಈ ಹೈಬ್ರಿಡ್ ಎಸ್‌ಯುವಿ ತಂದಿದ್ದೆ. ಆಗ ಜಬ್ಬಾರ್ ಭಾಯಿ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಮೇಷ್ಟ್ರೇ, ಇದು ಹೆಬ್ಬಾಳ ಫ್ಲೈಓವರ್ ಹತ್ತೋಕೆ ಮಾಡಿರೋ ಗಾಡಿ. ಗುಡ್ಡ ಹತ್ತಲ್ಲ" ಎಂದಿದ್ದರು.

"ಹತ್ತುತ್ತೆ ಭಾಯಿ, ಒಂದಿನ ತೋರಿಸ್ತೀನಿ" ಎಂದು ನಾನು ಜಂಬ ಕೊಚ್ಚಿದ್ದೆ. ತೋರಿಸುವ ದಿನ ಹೀಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಹಿಂದಿನ ದಿನವಿಡೀ ನಾನು ಹಾಸಿಗೆಯ ಕೆಲಸದಲ್ಲಿ ಮುಳುಗಿದ್ದೆ. ಮನೆಯ ಫೋಮ್ ಹಾಸಿಗೆಯನ್ನು ಕತ್ತರಿಸಿ ಹಿಂದಿನ ಸೀಟಿಗೆ ಹೊಂದಿಸಿದೆ. ಸೀಟಿನ ಮುಂದೆ ಕಾಲಿಡುವ ಜಾಗಕ್ಕೂ ದಿಂಬು, ರಜಾಯಿ ತುರುಕಿ ಸಮ ಮಾಡಿದೆ. ಕೈಯಿಂದ ಒತ್ತಿ ಒತ್ತಿ ನೋಡಿದೆ, ಒಂದು ಬೆರಳು ತೂರುವಷ್ಟೂ ಸಂದಿ ಉಳಿದಿರಲಿಲ್ಲ. ಅವರ ಹೆಂಡತಿ ಷಮೀಮ್ ಭಾಭಿ ಅದನ್ನು ನೋಡಿ ಕಣ್ಣೊರೆಸಿಕೊಂಡರು. "ಇವ್ರು ನೋವಾದ್ರೂ ಬಾಯಿ ಬಿಡಲ್ಲ ಭಾಯ್. ಮುಖ ನೋಡ್ತಾ ಇರಿ" ಎಂದು ಫ್ಲಾಸ್ಕು ಕೈಗಿಟ್ಟರು. ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆಯೇ ಆಗಿತ್ತು.

ಹೆಬ್ಬಾಳ ದಾಟಿ ಬ್ಯಾಟರಾಯನಪುರದ ಹೊತ್ತಿಗೆ ವಾಹನಗಳು ಆಮೆಯಂತೆ ತೆವಳತೊಡಗಿದವು. ಇಂಥ ಕಡೆ ಈ ಗಾಡಿಯದೇ ರಾಜ್ಯಭಾರ. ಇಂಜಿನ್ ತಾನಾಗಿ ನಿಂತು, ಸದ್ದಿಲ್ಲದೆ ಬ್ಯಾಟರಿಯ ಮೇಲೆ ಸರಿಯುತ್ತದೆ. ಪರದೆಯ ಮೇಲೆ ಲೀಟರಿಗೆ ಇಪ್ಪತ್ಮೂರು ಕಿಲೋಮೀಟರ್ ಎಂದು ತೋರಿಸುತ್ತಿತ್ತು. ಅದನ್ನು ಓದಿ ಹೇಳಿದೆ. ಹಿಂದಿನಿಂದ "ಸರಿ, ಗುಡ್ಡದ ಹತ್ರ ಮಾತಾಡೋಣ" ಎಂಬ ಉತ್ತರ ಬಂತು.

ಯಲಹಂಕದಲ್ಲಿ ದರ್ಶಿನಿಯೊಂದರ ಮುಂದೆ ನಿಲ್ಲಿಸಿ ಇಡ್ಲಿ ತಂದೆ. ಅವರು ಮಲಗಿದಲ್ಲೇ ಒಂದು ತಿಂದರು, ಎರಡನೆಯದನ್ನು ಮುರಿದು ಹಾಗೇ ಇಟ್ಟರು. ಮಳೆ ಬರುವಂತೆ ಮೋಡ ಕವಿದಿತ್ತು, ಬರಲಿಲ್ಲ. ಗಾಳಿಯೂ ಇಲ್ಲದ ಸೆಖೆ. ರಾಜಾನುಕುಂಟೆ ದಾಟಿದ ಮೇಲೆ ರಸ್ತೆ ಬಿಡುವಾಯಿತು. ಒಂದು ಕಾಲದಲ್ಲಿ ದ್ರಾಕ್ಷಿ ತೋಟಗಳಿದ್ದ ಕಡೆ ಈಗ ಸೈಟುಗಳ ಬೋರ್ಡು. ಜಬ್ಬಾರ್ ಭಾಯಿ ಕಿಟಕಿಯಲ್ಲಿ ಕಾಣುವಷ್ಟು ಆಕಾಶವನ್ನು ನೋಡಿಕೊಂಡು, ಹಂಪು ಬಂದಾಗ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು. ಕನ್ನಡಿಯಲ್ಲಿ ನಾನು ಅವರ ಮುಖ ನೋಡುತ್ತಿದ್ದೆ, ಭಾಭಿ ಹೇಳಿದ್ದಂತೆ.

ದೊಡ್ಡಬಳ್ಳಾಪುರದಿಂದ ಹದಿನೈದು ಕಿಲೋಮೀಟರ್ ಹೋದ ಮೇಲೆ ಡಾಂಬರು ಮುಗಿಯಿತು. ಅಲ್ಲಿ ಇಳಿದು, ಜಬ್ಬಾರ್ ಭಾಯಿ ಹೇಳಿದ ಪ್ರಕಾರ ಕಲ್ಲಿನ ಮೇಲೆ ಹಿಡಿತ ಸಿಗಲೆಂದು ನಾಲ್ಕೂ ಚಕ್ರಗಳ ಗಾಳಿ ಸ್ವಲ್ಪ ಇಳಿಸಿದೆ. ಗುಡ್ಡದ ಬುಡದಲ್ಲಿ ನೀರು ನಿಲ್ಲುವ ಕುಂಟೆಯವರೆಗೆ ಮೂರು ಕಿಲೋಮೀಟರ್ ಬಂಡಿ ಜಾಡು, ಅಲ್ಲಿಂದ ಮೇಲೆ ಒಂದೂವರೆ ಕಿಲೋಮೀಟರ್ ಕಡಿದಾದ ಕಲ್ಲುದಾರಿ. ಈ ಗಾಡಿಗೆ ಜೀಪಿನಂತೆ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವುದಿಲ್ಲ, ಮುಂದಿನ ಎರಡಕ್ಕೆ ಮಾತ್ರ. ಹೊಟ್ಟೆಯೂ ನೆಲಕ್ಕೆ ಹತ್ತಿರ.

"ಕಲ್ಲನ್ನ ಮಧ್ಯಕ್ಕೆ ಬಿಡ್ಬೇಡಿ ಮೇಷ್ಟ್ರೇ, ತಳ ಹರಿದುಹೋಗುತ್ತೆ. ಚಕ್ರಾನೇ ಕಲ್ಲಿನ ಮೇಲೆ ಹತ್ಸಿ. ಎಡಕ್ಕೆ... ಇನ್ನೂ ಎಡಕ್ಕೆ... ಬಸ್, ಸಾಕು."

ಏನೂ ಕಾಣದಂತೆ ಮಲಗಿದ್ದವರು ದಾರಿ ಹೇಳುತ್ತಿದ್ದರು. ಮೂವತ್ತು ವರ್ಷದ ದಾರಿ ಬೆನ್ನಿಗೇ ಗೊತ್ತಿತ್ತೇನೋ. ಮೋಟಾರು ಆ ನಿಧಾನ ಗತಿಯಲ್ಲಿ ಬಹಳ ನಾಜೂಕಾಗಿ ಎಳೆಯಿತು. ಒಂದು ಕಡೆ ಮುಂದಿನ ಚಕ್ರ ಜಾರಿ ಸುತ್ತಿತು, ಗಾಡಿ ತಾನೇ ಅದನ್ನು ತಡೆದು ಇನ್ನೊಂದು ಚಕ್ರಕ್ಕೆ ಶಕ್ತಿ ಕೊಟ್ಟು ದಾಟಿತು. "ಪರ್ವಾಗಿಲ್ವೇ" ಎಂದರು ಜಬ್ಬಾರ್ ಭಾಯಿ. ಅವರ ಬಾಯಿಂದ ಆ ಗಾಡಿಯ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು. ನಾನು ಮನಸ್ಸಿನಲ್ಲೇ ಬೀಗಿದೆ.

ಕುಂಟೆ ಇನ್ನೇನು ಬಂತು ಎನ್ನುವಾಗ ಪರದೆಯ ಮೇಲೆ ಹಳದಿ ಅಕ್ಷರ ಮೂಡಿತು. ಬ್ಯಾಟರಿ ವಿಪರೀತ ಬಿಸಿಯಾಗಿದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂದು. ಆಕ್ಸಿಲರೇಟರ್ ಒತ್ತಿದರೂ ಗಾಡಿ ಮುಂದೆ ಬರಲೊಲ್ಲದು. ಹೇಗೋ ಕುಂಟೆಯ ಪಕ್ಕದ ಹುಣಸೆ ಮರದವರೆಗೆ ತಂದು ನಿಲ್ಲಿಸಿದೆ. ಬಾನೆಟ್ ತೆಗೆದು ನೋಡಿದೆ. ಅಲ್ಲಿ ನನಗೆ ಅರ್ಥವಾಗುವುದು ಏನೂ ಇರಲಿಲ್ಲ.

ಜಬ್ಬಾರ್ ಭಾಯಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಎಲ್ಲೋ ಒಂದು ಫ್ಯಾನು ಒದ್ದಾಡ್ತಾ ಇದೆ. ಮುಂದೆ ಅಲ್ಲ. ನನ್ ಕೆಳಗೆ."

ಕೈಪಿಡಿ ಡ್ಯಾಷ್‌ಬೋರ್ಡಿನ ಗೂಡಿನಲ್ಲಿ, ಶೋರೂಮಿನವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ ಜೀವಮಾನವಿಡೀ ಬೈದ ಮನುಷ್ಯ ನಾನು. ಓದಿದೆ. ಬ್ಯಾಟರಿ ಸೀಟುಗಳ ಕೆಳಗೆ ಇರುತ್ತದೆ. ಅದನ್ನು ತಣ್ಣಗಿಡುವ ಗಾಳಿ ಹಿಂದಿನ ಸೀಟಿನ ಬುಡದಲ್ಲಿರುವ ಕಂಡಿಯಿಂದ ಒಳಗೆ ಹೋಗುತ್ತದೆ. ಅದನ್ನು ಬಟ್ಟೆ, ಸಾಮಾನುಗಳಿಂದ ಮುಚ್ಚಬಾರದು.

ನಾನು ಮುಚ್ಚಿದ್ದೆ. ಒಂದು ಬೆರಳು ತೂರದಂತೆ ಮುಚ್ಚಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಬೇಜಾರ್ ಮಾಡ್ಕೋಬೇಡಿ. ನಂಗೋಸ್ಕರ ಮಾಡಿದ್ರಿ" ಎಂದರು ಅವರು.

ಅಷ್ಟರಲ್ಲಿ ಕುಂಟೆಯ ಕಡೆಯಿಂದ ಮೇಕೆ ಹೊಡೆದುಕೊಂಡು ಒಬ್ಬ ಅಜ್ಜಿ ಬಂದಳು. ಗಾಡಿಯನ್ನು ಸುತ್ತು ಹಾಕಿ ನೋಡಿ, "ಇದು ಅತ್ತಾಕಿಲ್ಲ ಸಾಮಿ. ನೀವು ಮುಂಚೆ ಜೀಪ್ನಾಗೆ ಬರ್ತಿದ್ರಲ್ಲ, ಅದೆಲ್ಲಿ ಓಯ್ತು?" ಎಂದಳು. ಮಾರಿದೆವು ಎಂದೆ. ನಾವಿಬ್ಬರೂ ಜಬ್ಬಾರ್ ಭಾಯಿಯನ್ನು ಹಿಡಿದು ಇಳಿಸಿ, ಹಾಸಿಗೆ ತೆಗೆದು ಮರದ ಕೆಳಗೆ ಹಾಸಿ ಮಲಗಿಸಿದೆವು. ಎ.ಸಿ. ಹಾಕಿ ಬಾಗಿಲು ಮುಚ್ಚಿ ಗಾಡಿ ತಣಿಯಲು ಬಿಟ್ಟೆ. ಅರ್ಧ ಗಂಟೆಯಲ್ಲಿ ಎಚ್ಚರಿಕೆಯ ಅಕ್ಷರ ಹೋಯಿತು.

ಈ ಸಲ ಸೀಟಿನ ಮೇಲೆ ಮಾತ್ರ ಫೋಮ್ ಹಾಕಿದೆ. ಕಾಲಿಡುವ ಜಾಗ ಖಾಲಿ ಬಿಟ್ಟೆ. ಅವರನ್ನು ಮೊಣಕಾಲು ಮಡಿಸಿ ಮಲಗಿಸಿ ಹೊರಟೆ. ಗಾಡಿ ಇಪ್ಪತ್ತು ಅಡಿ ಹೋಗಿರಬಹುದು. ಮೊದಲ ಕಲ್ಲು ಹತ್ತಿ ಇಳಿಯುವಾಗ ಅವರು ಸೀಟಿನಿಂದ ಆ ಖಾಲಿ ಜಾಗದ ಕಡೆಗೆ ಉರುಳಿದರು. ನೋವಾದರೂ ಬಾಯಿ ಬಿಡದ ಮನುಷ್ಯ ಕೂಗಿಕೊಂಡ ಸದ್ದಿಗೆ ಮೇಕೆಗಳು ಚೆದುರಿದವು. ನಾನು ಗಾಡಿಯನ್ನು ಹಿಂದಕ್ಕೆ ಮರದ ಹತ್ತಿರ ತಂದೆ. ದಿಂಬು ತುರುಕಿದರೆ ಗಾಡಿ ಹತ್ತುವುದಿಲ್ಲ, ತುರುಕದಿದ್ದರೆ ಅವರು ಹತ್ತಲಾರರು. ಈ ಲೆಕ್ಕ ನನಗೆ ಬಿಡಿಸಲಾಗಲಿಲ್ಲ.

"ವಾಪಸ್ ಹೋಗೋಣ ಭಾಯಿ" ಎಂದೆ.

ಅವರ ಹಣೆ ಬೆವರಿತ್ತು. ಅಂಗಿಯ ತೋಳಿನಿಂದ ಒರೆಸಿಕೊಂಡರು. ಆಮೇಲೆ, "ನೀವು ಹೋಗ್ಬನ್ನಿ. ಹತ್ತುತ್ತೋ ಇಲ್ವೋ ನಂಗೆ ಗೊತ್ತಾಗ್ಬೇಕು" ಎಂದರು.

"ನಿಮ್ಮನ್ನ ಬಿಟ್ಟು ನಾನ್ಯಾಕೆ ಹೋಗ್ಲಿ?"

"ಮೆಕ್ಯಾನಿಕ್ ಕಣ್ರೀ ನಾನು. ತಿಳ್ಕೊಳ್ದೆ ಸೋಮವಾರ ಹೋಗಿ ಮಲಗ್ಲಾ? ಹೋಗಿ. ಕೊನೇ ತಿರುವಲ್ಲಿ ಮಾತ್ರ ನಿಲ್ಲಿಸ್ಬೇಡಿ."

ಅವರನ್ನು ಮತ್ತೆ ಇಳಿಸಿ ಮರದ ಕೆಳಗೆ ಮಲಗಿಸಿದೆವು. "ನಾನಿಲ್ಲೇ ಇರ್ತೀನಿ, ಓಗ್ಬಾ ಸಾಮಿ" ಎಂದು ಅಜ್ಜಿ ಅವರ ಪಕ್ಕ ಕೂತಳು.

ಆ ದಾರಿಗೆ ನಮ್ಮದೊಂದು ನಿಯಮವಿತ್ತು. ಕುಂಟೆಯಿಂದ ನೆತ್ತಿಯವರೆಗೆ ಎರಡು ಗಾಡಿ ಎದುರಾದರೆ ಸರಿಯಲು ಜಾಗವಿಲ್ಲ, ಮುಂದಿನದು ಜಾರಿದರೆ ಹಿಂದಿನದರ ಮೇಲೆ ಬೀಳುತ್ತದೆ. ಹಾಗಾಗಿ ಒಂದು ಜೀಪು ಹತ್ತುವವರೆಗೆ ಉಳಿದವು ಹುಣಸೆ ಮರದ ಕೆಳಗೆ ಕಾಯಬೇಕು. ಹತ್ತಿದವರು ಮೇಲಿನಿಂದ ಮೂರು ಸಲ ಹಾರ್ನ್ ಹೊಡೆಯಬೇಕು. ದಾರಿ ಖಾಲಿ, ಮುಂದಿನವರು ಹೊರಡಿ ಎಂದು ಅರ್ಥ. ಯಾವಾಗಲೂ ನಾನು ಮೊದಲು, ಜಬ್ಬಾರ್ ಭಾಯಿ ಕೊನೆಗೆ. ಕೆಟ್ಟು ನಿಂತವರನ್ನು ಎಳೆದು ತರುವ ಕೆಲಸ ಅವರದು.

ಗಾಡಿ ಹತ್ತಿತು. ಎರಡು ಕಡೆ ತಳ ಉಜ್ಜಿತು, ಒಂದು ಕಡೆ ಹಿಂದಕ್ಕೆ ಬಂದು ಮತ್ತೆ ಓಟ ಕೊಟ್ಟು ಏರಿಸಬೇಕಾಯಿತು. ಇಂಜಿನ್ ಅರಚಿಕೊಂಡಿತು. ಕೊನೆಯ ತಿರುವಿನಲ್ಲಿ ನಿಲ್ಲಿಸಲಿಲ್ಲ. ಹತ್ತೂ ಕಾಲಿಗೆ ನೆತ್ತಿ ಮುಟ್ಟಿದೆ. ಹೈಬ್ರಿಡ್ ಗಾಡಿ ಕಾಡುದಾರಿಗೆ ಆಗುತ್ತದೆಯೇ ಎಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ: ಒಣ ದಾರಿ, ಹಗಲು, ಒಬ್ಬನೇ ಇದ್ದರೆ, ಕಷ್ಟಪಟ್ಟು ಆಗುತ್ತದೆ. ಕೆಸರಿನಲ್ಲಿ ನಾನು ತರುವುದಿಲ್ಲ.

ಹಾಸುಬಂಡೆ ಹಾಗೇ ಇತ್ತು. ನಮ್ಮ ಒಲೆಯ ಮಸಿ ಇನ್ನೂ ಇತ್ತು. ಬಯಲಿನ ಮೇಲೆ ಕ್ವಾರಿಯ ದೂಳು ಮಂಕಾಗಿ ನಿಂತಿತ್ತು, ದೂರ ಏನೂ ಕಾಣಿಸುತ್ತಿರಲಿಲ್ಲ. ಗಾಡಿಯನ್ನು ಬಂಡೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಕೈ ತಾನಾಗಿ ಹೋಗಿ ಮೂರು ಸಲ ಹಾರ್ನ್ ಹೊಡೆಯಿತು.

ಹೊಡೆದ ಮೇಲೆ ಗೊತ್ತಾಯಿತು. ಆದರೂ ಕಿವಿ ಕೆಳಗಿನಿಂದ ಜೀಪಿನ ಸದ್ದು ಬರಲೆಂದು ಕಾಯಿತು. ಫ್ಲಾಸ್ಕನ್ನು ಹೊರಗೆ ತೆಗೆಯಲಿಲ್ಲ. ಬಂಡೆಯ ಮೇಲೆ ಕಾಲಿಡಲೂ ಆಗಲಿಲ್ಲ. ಸ್ಟಿಯರಿಂಗ್‌ಗೆ ತಲೆ ಕೊಟ್ಟು ಅತ್ತೆ.

ಕೆಳಗೆ ಬಂದಾಗ ಜಬ್ಬಾರ್ ಭಾಯಿ ಹುಣಸೆ ಮರಕ್ಕೆ ಕೈ ಕೊಟ್ಟು ನಿಂತಿದ್ದರು. ಇನ್ನೊಂದು ತೋಳನ್ನು ಅಜ್ಜಿ ಹಿಡಿದಿದ್ದಳು.

"ನೋಡಿ ಸಾಮಿ, ಆರನ್ ಕೇಳಿದ್ದೇ ಎದ್ಬುಟ್ರು. ಬ್ಯಾಡ ಅಂದ್ರೂ ಕೇಳ್ನಿಲ್ಲ" ಎಂದು ದೂರು ಹೇಳಿದಳು.

"ಹತ್ತಿತು ಅಲ್ವಾ?" ಎಂದರು ಅವರು.

"ಹತ್ತಿತು ಭಾಯಿ."

"ಮೂರು ಸಲ ಹೊಡೆದ್ರಿ. ನನ್ ಸರದಿ ಅಂತ ಎದ್ದೆ ಮೇಷ್ಟ್ರೇ. ಜೇಬಲ್ಲಿ ಕೀ ಹುಡುಕ್ದೆ."

ಟೀಯನ್ನು ಮರದ ಕೆಳಗೆ ಮೂವರೂ ಕುಡಿದೆವು. ಅಜ್ಜಿಗೆ ಸಕ್ಕರೆ ಸಾಲದೆ ಬಂತು. ವಾಪಸ್ಸು ಬರುವಾಗ ಸೀಟಿನ ಬುಡದ ಕಂಡಿ ತೆರೆದೇ ಇತ್ತು. ಜಾಡಿನುದ್ದಕ್ಕೂ ಅವರು ಉರುಳದಂತೆ ಮುಂದಿನ ಸೀಟನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು, ನಾನು ಗಾಡಿಯನ್ನು ನಡೆಯುವ ವೇಗದಲ್ಲಿ ಬಿಟ್ಟೆ. ಡಾಂಬರಿಗೆ ಬಂದ ಮೇಲೆ ನಿದ್ದೆ ಹೋದರು.

ಮೂರು ಗಂಟೆಗೆ ಆರ್.ಟಿ. ನಗರ ತಲುಪಿದೆವು. ಅವರ ಗಲ್ಲಿಗೆ ಟೆಂಪೋ ಒಂದು ಅಡ್ಡ ನಿಂತಿತ್ತು. ಅದರಾಚೆ ಭಾಭಿ ಬಾಗಿಲಲ್ಲಿ ಕಾಯುತ್ತಿರುವುದು ಕಾಣಿಸುತ್ತಿತ್ತು. ಜಬ್ಬಾರ್ ಭಾಯಿಗೆ ಎಚ್ಚರವಾಯಿತು.

"ಹಾರ್ನ್ ಹೊಡೀರಿ ಮೇಷ್ಟ್ರೇ" ಎಂದರು.

ನನ್ನ ಕೈ ಮೇಲೇಳಲಿಲ್ಲ. ಟೆಂಪೋ ತಾನಾಗಿ ಸರಿಯುವವರೆಗೆ ಕಾದೆ.